ಮನೆಯೂ ಪ್ರವಾಸವೂ

ಮನೆಯ ಸುಖ ಪ್ರವಾಸದಲ್ಲಿ ದೊರೆಯದೆಂದು ಹಿರಿಯರು ಹೇಳುವುದುಂಟು. ದೇಶ ಸುತ್ತಬೇಕು, ಕೋಶ ಓದಬೇಕೆಂದು ಬೋಧಿಸುವವರೂ ಅವರೇ. ಇವೆರಡರಲ್ಲಿ ಯಾವ ಮಾತನ್ನು ನಾವು ನಂಬಬೇಕು? ನಮ್ಮ ಜಿಲ್ಲೆಯ ಕನ್ನಡಿಗರಿಗೆ ಇದು ಕೇವಲ ಚರ್ಚಾಸ್ಪರ್ಧೆಯ ವಿಷಯವಲ್ಲ. ಗಡಹಿಂಗ್ಲಜ ತಾಲೂಕಿನ ಹಳ್ಳಿಯ ಬಾಲಕನು ಶಾಲೆಯನ್ನು ಮುಗಿಸಿ ಕಾಲೇಜಿಗೆಂದು ಕೊಲ್ಹಾಪುರಕ್ಕೆ ಹೊರಡುತ್ತಾನೆ. ಕೆಲಸವನ್ನರಸಿ ಇಚಲಕರಂಜಿಗೆ ಬಂದ ಕುಟುಂಬವು ಹಬ್ಬಕ್ಕೆ, ಮದುವೆಗೆ ಗಡಿಯಾಚೆಯ ತನ್ನ ಊರಿಗೆ ಹೋಗಿಬರುತ್ತದೆ. ಹೀಗೆ ನಮ್ಮಲ್ಲಿ ಅನೇಕರ ಬಾಳು ಮನೆ ಮತ್ತು ದಾರಿ ಎಂಬ ಎರಡು ತಾಣಗಳಲ್ಲಿ ಹಂಚಿಹೋಗಿದೆ. ಆದುದರಿಂದ ಮನೆಯ ಸುಖವು ಯಾವುದರಿಂದ ಆಗಿದೆ, ಪ್ರವಾಸದಲ್ಲಿ ಅದು ಏಕೆ ಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮನೆಯ ಸುಖದ ಮೊದಲನೆಯ ಅಂಶವು ರೂಢಿ. ನಮ್ಮ ಮನೆಯಲ್ಲಿ ಕತ್ತಲಲ್ಲಿಯೂ ನೀರಿನ ಕೊಡ ಎಲ್ಲಿದೆ, ಹೊಸ್ತಿಲು ಎಷ್ಟು ಎತ್ತರವಿದೆ ಎಂಬುದು ಕೈಕಾಲುಗಳಿಗೇ ತಿಳಿದಿರುತ್ತದೆ. ಮನಸ್ಸು ಅದಕ್ಕಾಗಿ ದುಡಿಯಬೇಕಾಗಿಲ್ಲ. ಹೊಸ ಸ್ಥಳದಲ್ಲಾದರೋ ಪ್ರತಿಯೊಂದನ್ನೂ ಹುಡುಕಬೇಕು, ಕೇಳಬೇಕು. ನಿದ್ದೆಯ ವಿಷಯವೂ ಹೀಗೆಯೇ. ಪರಸ್ಥಳದಲ್ಲಿ ಮೊದಲನೆಯ ರಾತ್ರಿ ನಿದ್ದೆ ಸರಿಯಾಗಿ ಬಾರದೆಂಬುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಇದರ ಒಂದು ಕಾರಣವನ್ನು ಪ್ರಕಟಿಸಿದರು. ಅಪರಿಚಿತ ಸ್ಥಳದ ಮೊದಲನೆಯ ರಾತ್ರಿ ಮಿದುಳಿನ ಎಡಭಾಗವು ಬಲಭಾಗದಷ್ಟು ಗಾಢವಾಗಿ ಮಲಗದೆ, ಸಣ್ಣ ಸಪ್ಪಳಕ್ಕೂ ಎಚ್ಚರಗೊಳ್ಳುವಂತೆ ಇರುವುದನ್ನು ಅವರು ಕಂಡರು. ಅಂದರೆ ನಮ್ಮ ದೇಹವೇ ಒಬ್ಬ ಕಾವಲುಗಾರನನ್ನು ಎಚ್ಚರವಾಗಿ ಕೂರಿಸಿರುತ್ತದೆ. ಸ್ಥಳವು ಪರಿಚಿತವಾದಂತೆ ಆ ಕಾವಲುಗಾರನೂ ವಿಶ್ರಮಿಸುತ್ತಾನೆ. ವಸತಿಗೃಹಕ್ಕೆ ಹೋದ ಮಗುವು ಮೊದಲ ದಿನಗಳಲ್ಲಿ ನಿದ್ದೆಯಿಲ್ಲವೆಂದು ಕಾಗದ ಬರೆದರೆ ಅಥವಾ ಫೋನಿನಲ್ಲಿ ಅತ್ತರೆ, ತಂದೆತಾಯಿಗಳು ಈ ಸಂಗತಿಯನ್ನು ನೆನೆದು ಸ್ವಲ್ಪ ಧೈರ್ಯ ತಾಳಬಹುದು.

ಎರಡನೆಯ ಅಂಶವು ಇದಕ್ಕಿಂತ ಹಿರಿದು. ಅದು ಪರರ ಶ್ರಮ. ನಾವು ಏಳುವಷ್ಟರಲ್ಲಿ ಹಂಡೆಯಲ್ಲಿ ನೀರು ಕಾದಿರುತ್ತದೆ, ಅಂಗಳ ಗುಡಿಸಿರುತ್ತದೆ, ರೊಟ್ಟಿಯ ತಟ್ಟುವಿಕೆ ಕೇಳಿಸುತ್ತಿರುತ್ತದೆ. ಒಗೆದ ಅಂಗಿಯು ಗೂಟದಲ್ಲಿ ತಾನಾಗಿಯೇ ಬಂದು ಕುಳಿತಂತೆ ನಮಗೆ ತೋರುತ್ತದೆ. ದಿನವೂ ದೊರೆಯುವುದರಿಂದ ಇವು ಶ್ರಮದ ಫಲಗಳೆಂಬುದೇ ಮರೆತುಹೋಗುತ್ತದೆ. ಪ್ರವಾಸದಲ್ಲಿ ಒಂದು ಲೋಟ ಬಿಸಿನೀರಿಗೂ ಕೇಳಿಕೊಳ್ಳಬೇಕಾಗುತ್ತದೆ, ಹಣ ಕೊಡಬೇಕಾಗುತ್ತದೆ. ಆಗ ಮನೆಯಲ್ಲಿ ತಾಯಿ, ಅಜ್ಜಿ, ಅಕ್ಕಂದಿರು ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಬೆಲೆಯಿದೆಯೆಂಬುದು ಮೊದಲ ಬಾರಿ ಲೆಕ್ಕಕ್ಕೆ ಬರುತ್ತದೆ.

ನಮ್ಮ ಪೂರ್ವಿಕರು ಪ್ರವಾಸಕ್ಕೆ ಹೊರಡುವಾಗ ಮನೆಯ ಸುಖದ ಒಂದು ಭಾಗವನ್ನು ಗಂಟುಕಟ್ಟಿಕೊಂಡೇ ಹೊರಡುತ್ತಿದ್ದರು. ಅದುವೇ ಬುತ್ತಿ. ಕೊಲ್ಹಾಪುರದ ಕಡೆಯ ಭಕ್ತರು ಮಾರ್ಗಶೀರ್ಷ ಹುಣ್ಣಿಮೆಯ ಜಾತ್ರೆಗೆಂದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಇಂದು ಬಸ್ಸಿನಲ್ಲಿ ಒಂದು ದಿನದೊಳಗೆ ತಲುಪಬಹುದಾದ ಈ 150 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಎತ್ತಿನ ಬಂಡಿಯಲ್ಲಿ ಕ್ರಮಿಸಲು ಹಲವು ದಿನಗಳೇ ಬೇಕಾಗುತ್ತಿದ್ದವು. ಅಷ್ಟು ದಿನ ಕೆಡದ ಆಹಾರ ಯಾವುದು? ಬೂಷ್ಟು ಬೆಳೆಯಲು ತೇವ ಬೇಕು. ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಬೇಯಿಸಿ, ಒಣಗಿಸಿ ಖಡಕ್ ಮಾಡಿದರೆ ಅದರಲ್ಲಿಯ ನೀರೆಲ್ಲ ಹೋಗಿ, ಬೂಷ್ಟಿಗೆ ಆಸ್ಪದವಿಲ್ಲದಂತಾಗುತ್ತದೆ. ಶೇಂಗಾ ಚಟ್ನಿ, ಅಗಸಿ ಹಿಂಡಿಗಳು ಹುರಿದು ಕುಟ್ಟಿದವಾದುದರಿಂದ ಅವೂ ತಡೆಯುತ್ತವೆ. ಮೊದಲ ಒಂದೆರಡು ದಿನಕ್ಕೆ ಹಾಲಿನಲ್ಲಿ ನಾದಿದ ಮೆತ್ತನೆಯ ದಶಮಿ, ಆಮೇಲೆ ಖಡಕ್ ರೊಟ್ಟಿ. ಯಾವುದನ್ನು ಮೊದಲು ತಿನ್ನಬೇಕು, ಯಾವುದನ್ನು ಉಳಿಸಬೇಕೆಂಬ ಲೆಕ್ಕವು ಬುತ್ತಿ ಕಟ್ಟುವವಳ ತಲೆಯಲ್ಲಿ ಇರುತ್ತಿತ್ತು. ಪುಸ್ತಕವನ್ನು ಓದದ ನಮ್ಮ ಅಜ್ಜಿಯಂದಿರು ಆಹಾರಸಂರಕ್ಷಣೆಯ ಶಾಸ್ತ್ರವನ್ನು ಹೀಗೆ ಕೈಯಲ್ಲಿಯೇ ಬಲ್ಲವರಾಗಿದ್ದರು.

ವಾಹನಗಳು ಬದಲಾದಂತೆ ದಾರಿಯ ಕಷ್ಟಗಳೂ ಬದಲಾದವು. ಮಿರಜದಿಂದ ಕೊಲ್ಹಾಪುರಕ್ಕೆ ರೈಲುಮಾರ್ಗವು 1891ರಲ್ಲಿ ತೆರೆಯಿತು. ಗಡಹಿಂಗ್ಲಜಕ್ಕೆ ಇಂದಿಗೂ ರೈಲಿಲ್ಲ, ಅಲ್ಲಿಯವರಿಗೆ ಎಸ್.ಟಿ. ಬಸ್ಸೇ ಆಧಾರ. ದಿನಗಳ ದಾರಿ ಗಂಟೆಗಳಿಗೆ ಇಳಿಯಿತು. ಆದರೆ ಬಂಡಿಯಲ್ಲಿ ಅಷ್ಟಾಗಿ ಕಾಣದ ಒಂದು ತೊಂದರೆ ಬಸ್ಸಿನಲ್ಲಿ ಹೆಚ್ಚಾಯಿತು. ಆಂಬೋಲಿ ಘಾಟಿನ ತಿರುವುಗಳಲ್ಲಿ ಎಷ್ಟೋ ಮಕ್ಕಳಿಗೆ ವಾಂತಿಯಾಗುತ್ತದೆ. ಇದರ ಕಾರಣವು ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಒಳಕಿವಿಯಲ್ಲಿ ದೇಹದ ಸಮತೋಲವನ್ನು ಅರಿಯುವ ಅಂಗವಿದೆ. ಬಸ್ಸು ತಿರುಗಿದಾಗ ಅದು ‘ನಾವು ಚಲಿಸುತ್ತಿದ್ದೇವೆ’ ಎಂದು ಮಿದುಳಿಗೆ ತಿಳಿಸುತ್ತದೆ. ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ನೆಟ್ಟ ಕಣ್ಣು ‘ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದ ತಲೆಸುತ್ತು, ಓಕರಿಕೆಗಳು ಉಂಟಾಗುತ್ತವೆ. ಮುಂದಿನ ಆಸನದಲ್ಲಿ ಕುಳಿತು ದೂರದ ಗುಡ್ಡವನ್ನು ನೋಡುತ್ತಿದ್ದರೆ ಕಣ್ಣು ಕಿವಿಗಳ ಸಾಕ್ಷ್ಯ ಒಂದಾಗಿ ಉಪಶಮನ ದೊರೆಯುತ್ತದೆ.

ಬುತ್ತಿ ಕಟ್ಟಬಹುದು, ವಾಹನ ಹಿಡಿಯಬಹುದು. ಸೂರನ್ನು ಮಾತ್ರ ಯಾರೂ ಹೊತ್ತೊಯ್ಯಲಾರರು. ಅದನ್ನು ತಲುಪಿದ ಊರಿನವರೇ ಕೊಡಬೇಕು. ಈ ವಿಷಯದಲ್ಲಿ ಕೊಲ್ಹಾಪುರದ ಇತಿಹಾಸವನ್ನು ನಾವೆಲ್ಲ ತಿಳಿದಿರಬೇಕು. ಹಳ್ಳಿಯ ವಿದ್ಯಾರ್ಥಿಗೆ ಪಟ್ಟಣದಲ್ಲಿ ಶಾಲೆಯಿದ್ದರೆ ಸಾಲದು, ಉಣ್ಣಲು ಅನ್ನವೂ ಮಲಗಲು ಸ್ಥಳವೂ ಬೇಕೆಂಬುದನ್ನು ಛತ್ರಪತಿ ಶಾಹೂ ಮಹಾರಾಜರು ಅರಿತಿದ್ದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಸತಿಗೃಹವೊಂದು ಅವರ ಆಶ್ರಯದಲ್ಲಿ ಆರಂಭವಾಯಿತು. ಆಗಲೂ ಅನಂತರದ ವರ್ಷಗಳಲ್ಲಿಯೂ ಜೈನ, ಲಿಂಗಾಯತ, ಮುಸಲ್ಮಾನ ಮುಂತಾದ ಸಮಾಜಗಳ ಮಕ್ಕಳಿಗೆ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ ಪ್ರತ್ಯೇಕ ವಸತಿಗೃಹಗಳು ಅವರ ನೆರವಿನಿಂದ ನೆಲೆಗೊಂಡವು. ಈ ವಸತಿಗೃಹಗಳು ಇಲ್ಲದಿದ್ದರೆ ಎಷ್ಟೋ ರೈತರ ಮಕ್ಕಳು ಪಟ್ಟಣದ ಶಾಲೆಯ ಮೆಟ್ಟಿಲನ್ನು ಹತ್ತುವುದು ಸಾಧ್ಯವಾಗುತ್ತಿರಲಿಲ್ಲ.

ಇದೇ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರು ಕೊಲ್ಹಾಪುರದಲ್ಲಿ ವಸತಿಗೃಹದಲ್ಲಿದ್ದು ಓದಿದವರು. 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು; 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸೂರಿನ ಕೆಳಗೆ ಇದ್ದು ಒಟ್ಟಿಗೆ ಉಣ್ಣುವ ವಸತಿಗೃಹವನ್ನು ತೆರೆದರು. ಆ ಮಕ್ಕಳ ಊಟಕ್ಕೆ ಹಣ ಸಾಲದೆ ಬಂದಾಗ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವೂ ಸೇರಿದಂತೆ ತಮ್ಮ ಒಡವೆಗಳನ್ನು ಕೊಟ್ಟುಬಿಟ್ಟರು. ಮನೆಯ ಸುಖವು ಹೇಗೆ ತಾಯಿಯ ಶ್ರಮದಿಂದ ಆಗಿದೆಯೋ, ಹಾಗೆಯೇ ಪರಸ್ಥಳದ ಸುಖವೂ ಯಾರೋ ಒಬ್ಬರ ತ್ಯಾಗದಿಂದಲೇ ಆಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿಯವರೆಗೆ ನಾವು ಹೇಳಿದುದು ತಾವಾಗಿ ಹೊರಟವರ ವಿಷಯ. ಬೇರೆ ದಾರಿಯಿಲ್ಲದೆ ಹೊರಡುವವರೂ ಇದ್ದಾರೆ. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುನ್ಮಗ್ಗದ ಉದ್ಯಮವು ಪ್ರಾರಂಭವಾಯಿತು. ಅಂದಿನಿಂದ ಬೆಳೆದ ಆ ಪೇಟೆಗೆ ದೂರದ ಊರುಗಳಿಂದ ಕೆಲಸಗಾರರು ಬಂದು ಸೇರಿದರು. ಕಬ್ಬು ಕಡಿಯುವ ಕಾಲದಲ್ಲಿ ಬೀಡ ಮುಂತಾದ ಬರಗಾಲದ ಜಿಲ್ಲೆಗಳಿಂದ ಬರುವ ಕುಟುಂಬಗಳು ಹೊಲದ ಬದಿಯ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಕಳೆಯುತ್ತವೆ. ಅವರ ಮಕ್ಕಳ ಶಾಲೆ ಊರಿನಲ್ಲಿಯೇ ಉಳಿಯುತ್ತದೆ. ನಾವು ಚಹಕ್ಕೆ ಹಾಕುವ ಸಕ್ಕರೆಯಲ್ಲಿ ಆ ಮಕ್ಕಳು ಬಿಟ್ಟುಬಂದ ಮನೆಯೂ ಕರಗಿದೆ. ಇನ್ನು 2019ರ ಆಗಸ್ಟಿನಲ್ಲಿ ಪಂಚಗಂಗೆ, ಕೃಷ್ಣೆಯರು ಉಕ್ಕಿ ಹರಿದು, ಪುಣೆ-ಬೆಂಗಳೂರು ಹೆದ್ದಾರಿಯು ಹಲವು ದಿನ ಮುಚ್ಚಿದಾಗ, ಸಾವಿರಾರು ಜನರು ಮನೆಯಿದ್ದೂ ನಿರಾಶ್ರಿತರಾಗಿ ಶಾಲೆ, ಮಂಗಲ ಕಾರ್ಯಾಲಯಗಳಲ್ಲಿ ತಂಗಿದರು. ಎಂದೂ ಊರು ಬಿಡದವರೂ ಒಂದೇ ರಾತ್ರಿಯಲ್ಲಿ ಪ್ರವಾಸಿಗಳಾಗಬಹುದೆಂಬುದನ್ನು ಆ ನೀರು ನಮಗೆ ಕಲಿಸಿತು. ಅಂದು ಬಿಸಿ ಅನ್ನವನ್ನು ತಂದು ಬಡಿಸಿದವರ ಭಾಷೆ ಯಾವುದು, ಜಾತಿ ಯಾವುದು ಎಂದು ಯಾರೂ ಕೇಳಲಿಲ್ಲ.

ವಸತಿಗೃಹದ ಮಕ್ಕಳಿಗೆ ಇನ್ನೊಂದು ಕೊರತೆಯೂ ಇರುತ್ತದೆ, ಅದು ಮನೆಮಾತಿನದು. ಸುತ್ತಲೂ ಮರಾಠಿ ಕೇಳುತ್ತಿರುವಾಗ ಎಸ್.ಟಿ. ಸ್ಟ್ಯಾಂಡಿನಲ್ಲಿ ಯಾರೋ ‘ಯಾವ ಊರಪ್ಪಾ?’ ಎಂದು ಕನ್ನಡದಲ್ಲಿ ಕೇಳಿದರೆ ಮನೆಗೇ ಬಂದಂತಾಗುತ್ತದೆ. ಅದೇ ರೀತಿ ಹೊಸ ಭಾಷೆಯನ್ನು ಪ್ರೀತಿಯಿಂದ ಕಲಿತವನಿಗೆ ಎರಡು ಮನೆಗಳಾಗುತ್ತವೆ. ಗಡಿನಾಡಿನಲ್ಲಿ ಹುಟ್ಟಿದ ನಮಗೆ ಈ ಭಾಗ್ಯವು ಸುಲಭವಾಗಿ ಒದಗಿದೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಹಿರಿಯರ ಎರಡು ಮಾತುಗಳೂ ನಿಜ. ಸುಖವು ಮನೆಯಲ್ಲಿದೆ, ಅದು ಯಾರಿಂದ ಬಂದಿತೆಂಬ ಅರಿವು ಪ್ರವಾಸದಲ್ಲಿದೆ. ಆದುದರಿಂದ ವಿದ್ಯಾರ್ಥಿಗಳು ಮನೆ ಬಿಡುವ ಮುನ್ನವೇ ತಮ್ಮ ಬಟ್ಟೆಯನ್ನು ತಾವೇ ಒಗೆಯಲು, ಒಂದು ಹೊತ್ತಿನ ಅಡಿಗೆ ಮಾಡಲು, ಹಾಸಿಗೆ ಮಡಿಸಿಡಲು ಕಲಿಯಲಿ. ಇದು ಹುಡುಗಿಯರಿಗೆ ಎಷ್ಟೋ ಹುಡುಗರಿಗೂ ಅಷ್ಟೇ. ಮಕ್ಕಳನ್ನು ಕಣ್ಣ ಮುಂದೆಯೇ ಇಟ್ಟುಕೊಳ್ಳಬೇಕೆಂಬ ಮೋಹದಿಂದ ಅವರ ಓದನ್ನು, ವಿಶೇಷವಾಗಿ ಹೆಣ್ಣುಮಕ್ಕಳ ಓದನ್ನು, ಹತ್ತನೆಯ ತರಗತಿಗೆ ನಿಲ್ಲಿಸದಿರಲು ಪಾಲಕರು ಮನಸ್ಸು ಮಾಡಲಿ. ನಮ್ಮ ತರಗತಿಗೆ ಬೇರೆ ಊರಿನಿಂದ ಹೊಸ ಮಗುವೊಂದು ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತರೆ, ಅದರ ಪಕ್ಕದಲ್ಲಿ ಕುಳಿತು ನಮ್ಮ ಡಬ್ಬಿಯನ್ನು ತೆರೆದು ಹಂಚಿಕೊಳ್ಳೋಣ. ಆ ಮಗುವಿನ ಪಾಲಿಗೆ ಅಂದಿನ ಬುತ್ತಿಯೂ ಸೂರೂ ಅದೇ.