ತುತ್ತೂರಿಯ ತಾರಸ್ಥಾಯಿ

ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ವೀಣೆ, ಮೃದಂಗ ಕಲಿಯುವವರ ಜೊತೆಗೆ ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿದವರೂ ಕೆಲವರಿದ್ದಾರೆ. ನಾನು ವೃತ್ತಿಯಿಂದ ರಸಾಯನಶಾಸ್ತ್ರದ ಸಂಶೋಧಕ. ಬಿಡುವಿನಲ್ಲಿ ಬಡಾವಣೆಯ ಬ್ಯಾಂಡೊಂದರಲ್ಲಿ ಮೂರನೆಯ ಟ್ರಂಪೆಟ್ ಊದುವವನು. ಇದು ತಿಳಿದ ಮೇಲೆ ಸಂಘದ ಸಮಾರಂಭಗಳಲ್ಲಿ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ನಮ್ಮ ಹುಡುಗನಿಗೆ ಮೇಲಿನ ಸ್ವರ ಹತ್ತುತ್ತಿಲ್ಲವಂತೆ. ಯಾವ ಮೌತ್‌ಪೀಸ್ ಕೊಡಿಸಿದರೆ ಸರಿಹೋದೀತು?” ಹಣದ ಮಾತು ಹಾಗಿರಲಿ, ಇಲ್ಲಿ ಪಣಕ್ಕಿಟ್ಟಿರುವುದು ಬೆಳೆಯುವ ಹುಡುಗನ ತುಟಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ವಾದ್ಯ ನಮಗೆ ತೀರ ಪರಕೀಯವೇನಲ್ಲ. ಜಾತ್ರೆಯಲ್ಲಿ ಮೊಳಗುವ ಕೊಂಬು, ಕಹಳೆಗಳು ಇದರ ದಾಯಾದಿಗಳು. ನಾಗಸ್ವರದ ತುದಿಯಲ್ಲಿ ಪೀಪಿ ಕಂಪಿಸುತ್ತದೆ. ಇವುಗಳಲ್ಲಿ ಊದುವವನ ತುಟಿಗಳೇ ಕಂಪಿಸಬೇಕು. ಈ ದೇಶದ ಮೂಲನಿವಾಸಿಗಳ ಡಿಡ್ಜೆರಿಡೂ ಕೂಡ ಇದೇ ಜಾತಿ. ಅದರ ಊದುವ ತುದಿಗೆ ಜೇನುಮೇಣ ಮೆತ್ತಿ, ತುಟಿಗೆ ಹೊಂದುವಂತೆ ತಿದ್ದಿಕೊಳ್ಳುತ್ತಾರೆ. ಮೌತ್‌ಪೀಸ್ ಆರಿಸುವ ಶಾಸ್ತ್ರದ ಮುಕ್ಕಾಲು ಪಾಲು ಆ ಮೇಣದಲ್ಲೇ ಇದೆಯೆಂದು ನನಗೆ ಅನ್ನಿಸುತ್ತದೆ.

ಬಿ-ಫ್ಲಾಟ್ ಟ್ರಂಪೆಟ್ಟಿನ ಮೂರು ವಾಲ್ವ್‌ಗಳಲ್ಲಿ ಒಂದನ್ನೂ ಒತ್ತದೆ ಊದಿ ನೋಡಿ. ಸೆಕೆಂಡಿಗೆ 233 ಕಂಪನಗಳ ಸ್ವರವನ್ನು ಷಡ್ಜವೆಂದು ಹಿಡಿದರೆ, ಅದರ ಮೇಲೆ ಪಂಚಮ, ಮತ್ತೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೊಂಚ ಇಳಿದ ನಿಷಾದ, ಆಮೇಲೆ 932 ಕಂಪನಗಳ ಷಡ್ಜ ಬರುತ್ತವೆ. ಈ ಕೊನೆಯದನ್ನೇ ಬ್ಯಾಂಡಿನವರು ‘ಹೈ ಸಿ’ ಎನ್ನುವುದು. ಕೆಳಗಿನ ಸ್ವರಗಳಲ್ಲಿ ವಾದ್ಯವೇ ತುಟಿಯನ್ನು ಕೈಹಿಡಿದು ನಡೆಸುತ್ತದೆ: ಅಗಲವಾದ ಬೆಲ್‌ನಿಂದ ಹಿಂದಿರುಗಿದ ಶಬ್ದದ ಅಲೆ ತುಟಿಯ ಕಂಪನಕ್ಕೆ ತಾಳ ಹಾಕುತ್ತದೆ. ಸುಮಾರು 1500 ಕಂಪನಗಳ ಆಚೆಗೆ ಅಲೆ ಹಿಂದಿರುಗದೆ ಬಹುಪಾಲು ಹೊರಗೇ ಹೋಗಿಬಿಡುತ್ತದೆ. 1865 ಕಂಪನಗಳ ‘ಡಬಲ್ ಹೈ ಸಿ’ ಊದುವವನಿಗೆ ಬಹುಮಟ್ಟಿಗೆ ತನ್ನ ತುಟಿಯೇ ಗತಿ.

ಉಸಿರಿನ ಲೆಕ್ಕವನ್ನು ಆಸ್ಟ್ರೇಲಿಯದ ವಿಜ್ಞಾನಿಗಳಾದ ನೆವಿಲ್ ಫ್ಲೆಚರ್ ಮತ್ತು ಟಾರ್ನೊಪೋಲ್ಸ್ಕಿ 1999ರಲ್ಲಿ ಪ್ರಕಟಿಸಿದರು. ಸ್ವರದ ಕಂಪನ ಏರಿದಷ್ಟೇ ಪ್ರಮಾಣದಲ್ಲಿ ಬಾಯೊಳಗಿನ ಗಾಳಿಯ ಒತ್ತಡವೂ ಏರುತ್ತದೆ; ಗಟ್ಟಿಗರಲ್ಲಿ ಅದು 25 ಕಿಲೋಪ್ಯಾಸ್ಕಲ್ ಮುಟ್ಟುತ್ತದೆ. ನಮ್ಮ ರಕ್ತದೊತ್ತಡ 120 ಎಂದರೆ ಸುಮಾರು 16 ಕಿಲೋಪ್ಯಾಸ್ಕಲ್, ಹೋಲಿಸಿಕೊಳ್ಳಿ. ಹನ್ನೆರಡು ವರ್ಷದ ಮಗುವಿಗೆ “ಇನ್ನೂ ಜೋರಾಗಿ ಊದು” ಎನ್ನುವ ಮೊದಲು ಈ ಅಂಕಿ ನೆನಪಿರಲಿ.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಜೋ ವುಲ್ಫ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಹಿಡಿದರು: ಮೇಲಿನ ಸ್ವರಕ್ಕೆ ಬಾಯಿ, ಗಂಟಲಿನ ಆಕಾರವನ್ನೂ ಶ್ರುತಿ ಮಾಡಿಕೊಳ್ಳಬೇಕೇ? ಸ್ಯಾಕ್ಸೊಫೋನಿನಲ್ಲಿ ಪಳಗಿದವರು ಹಾಗೆ ಮಾಡುತ್ತಾರೆಂದು 2008ರಲ್ಲಿ ತೋರಿಸಿದರು. 2012ರಲ್ಲಿ ಏಳು ಮಂದಿ ಟ್ರಂಪೆಟ್ ವಾದಕರ ಬಾಯೊಳಗೆ ಅಳತೆಯ ಸಾಧನವಿಟ್ಟು ನೋಡಿದಾಗ ಅಂಥ ಕ್ರಮಬದ್ಧ ಶ್ರುತಿ ಕಾಣಲಿಲ್ಲ. ಆದರೆ ಸಾಧನ ಬಾಯೊಳಗಿದ್ದುದರಿಂದ ತೀರ ಎತ್ತರದ ಸ್ವರಗಳನ್ನು ಯಾರಿಗೂ ಊದಲಾಗಲಿಲ್ಲ. ಆ ಎತ್ತರದ ಸಂಗತಿಯನ್ನು ಅವರು ತೆರೆದೇ ಬಿಟ್ಟಿದ್ದಾರೆ. ಆದ್ದರಿಂದ “ನಾಲಗೆ ಹೀಗಿಡು, ಗಂಟಲು ಹಾಗಿಡು” ಎಂದು ಗುಟ್ಟು ಮಾರುವವರನ್ನು ಕಂಡರೆ ಕೊಂಚ ಅನುಮಾನವಿರಲಿ.

ಎತ್ತರದ ಸ್ವರಕ್ಕೆ ಜಗತ್ಪ್ರಸಿದ್ಧನಾದ ಕೆನಡಾದ ಮೇನರ್ಡ್ ಫರ್ಗುಸನ್ (1928–2006) 1960ರ ದಶಕದ ಕೊನೆಯಲ್ಲಿ ನಮ್ಮ ಗಡಿಯಾಚೆ, ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದವನು. ಹೊಟ್ಟೆಯಿಂದ ಹಿಡಿದು ಹೆಗಲಿನವರೆಗೆ ತುಂಬಿಕೊಳ್ಳುವ ಯೋಗದ ಪೂರ್ಣ ಉಸಿರಾಟವನ್ನು ಆತ ಟ್ರಂಪೆಟ್ಟಿಗೂ ಹಚ್ಚಿದ. ಬೆಳಗಿನ ಪ್ರಾಣಾಯಾಮವನ್ನು ಮುಖ ಸಿಂಡರಿಸಿಕೊಂಡು ಮಾಡುವ ಮಕ್ಕಳಿಗೆ ಇದನ್ನು ಹೇಳಿದರೆ ಪ್ರಯೋಜನವಾದೀತು.

ಇನ್ನು ಮೌತ್‌ಪೀಸಿಗೆ ಬರೋಣ. ವಿಯೆನ್ನಾದ ಬಳಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ ನೆಲೆಸಿದ ವಿನ್ಸೆಂಟ್ ಬಾಕ್ 1918ರಲ್ಲಿ ಲೇತ್ ಇಟ್ಟುಕೊಂಡು ಇವನ್ನು ತಯಾರಿಸತೊಡಗಿದ. ಅವನ ಲೆಕ್ಕದಲ್ಲಿ ಅಂಕಿ ಕಡಿಮೆಯಾದಷ್ಟೂ ಒಳವ್ಯಾಸ ಹೆಚ್ಚು. ಅಕ್ಷರ ‘ಎ’ಯಿಂದ ಮುಂದೆ ಹೋದಷ್ಟೂ ಬಟ್ಟಲು ಆಳ ಕಡಿಮೆ. ಶಾಲೆಯ ಮಕ್ಕಳಿಗೆ ಸಿಗುವ ‘7ಸಿ’ಯ ಒಳವ್ಯಾಸ 16.2 ಮಿಲಿಮೀಟರ್, ‘3ಸಿ’ಯದು 16.3, ಕೂದಲೆಳೆಯ ವ್ಯತ್ಯಾಸವಾದರೂ ತುಟಿಗೆ ಅದು ಗೊತ್ತಾಗುತ್ತದೆ. ಯಾಮಾಹಾದವರದು ತದ್ವಿರುದ್ಧ, ಅಂಕಿ ಹೆಚ್ಚಿದಷ್ಟೂ ವ್ಯಾಸ ಹೆಚ್ಚು. ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿದ್ದರೆ ಸಾಕು, ಅರ್ಧ ಗೊಂದಲ ತಪ್ಪುತ್ತದೆ.

ಆಳ ಕಡಿಮೆಯಾದ ಬಟ್ಟಲು ಮೇಲಿನ ಸ್ವರಗಳಿಗೆ ನಿಜವಾಗಿಯೂ ನೆರವಾಗುತ್ತದೆ. ಅದರೊಳಗಿನ ಗಾಳಿಯ ಗಾತ್ರ ಕಡಿಮೆ, ಅದರ ಸ್ವಂತ ಅನುರಣನ ಮೇಲಕ್ಕೆ ಸರಿಯುತ್ತದೆ, ನಾದ ಹರಿತವಾಗುತ್ತದೆ. ಆದರೆ ಕೆಳಗಿನ ಸ್ವರಗಳು ಬಡಕಲಾಗುತ್ತವೆ. ಅರ್ಧ ಗಂಟೆ ಊದಿ ತುಟಿ ಊದಿಕೊಂಡಾಗ ಅದು ಬಟ್ಟಲಿನ ತಳಕ್ಕೇ ತಾಗಿ ಸ್ವರ ನಿಂತುಬಿಡುತ್ತದೆ. ಆಗ ಮಗು ಮಾಡುವುದೇನು? ವಾದ್ಯವನ್ನು ಇನ್ನಷ್ಟು ತುಟಿಗೆ ಅದುಮುತ್ತದೆ. ಒಂದೆರಡು ಸ್ವರ ಮೇಲಕ್ಕೆ ಹೋಗುವುದೂ ನಿಜ. ಆದರೆ ರಿಮ್ಮಿಗೂ ಹಲ್ಲಿಗೂ ನಡುವೆ ಸಿಕ್ಕ ತುಟಿಗೆ ರಕ್ತ ಸರಿಯಾಗಿ ಹರಿಯದು. ಲೂಯಿ ಆರ್ಮ್‌ಸ್ಟ್ರಾಂಗ್ (1901–1971) ಎತ್ತರದ ಸ್ವರಗಳಿಗಾಗಿ ತುಟಿಯನ್ನೇ ಹಾಳುಮಾಡಿಕೊಂಡ. ತುಟಿಯ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ 1982ರಲ್ಲಿ ವೈದ್ಯರೊಬ್ಬರು ಅವನ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್ಮೋ ಸಿಂಡ್ರೋಮ್’ ಎಂದು ಕರೆದರು.

ಹಾಗಾದರೆ ಅಭ್ಯಾಸ ಹೇಗೆ? ಹರ್ಬರ್ಟ್ ಕ್ಲಾರ್ಕ್ 1912ರಲ್ಲಿ ಹೊರತಂದ ಪಾಠಪುಸ್ತಕ ಇಂದಿಗೂ ಬಳಕೆಯಲ್ಲಿದೆ. ಅದರ ಸಾರ: ಆದಷ್ಟು ಮೆಲ್ಲಗೆ, ಒಂದೇ ಉಸಿರಿನಲ್ಲಿ, ಅರ್ಧರ್ಧ ಸ್ವರದಂತೆ ಏರುವುದು. ಊದಿದಷ್ಟು ಹೊತ್ತು ಸುಮ್ಮನಿರುವುದೂ ಪಾಠವೇ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ತಾರಸ್ಥಾಯಿಗೆ ಮುನ್ನ ಮಂದ್ರದ ಸಾಧನೆ ಮಾಡಿಸುತ್ತಿದ್ದ ನಮ್ಮ ಸಂಗೀತದ ಮೇಷ್ಟರುಗಳಿಗೆ ಇದು ಹೊಸದಾಗಿ ಕಾಣಲಾರದು.

ಹೊಸದು ಕೊಳ್ಳಲೇಬೇಕಾದರೆ ಪ್ರಯೋಗಾಲಯದ ಕ್ರಮ ಪಾಲಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ. ರಿಮ್ ಅದೇ ಇರಲಿ, ಬಟ್ಟಲು ಮಾತ್ರ ಬದಲಾಗಲಿ. ಎರಡು ವಾರವಾದರೂ ಊದಿ ನೋಡದೆ ತೀರ್ಮಾನ ಬೇಡ. ಮೊದಲ ದಿನ ಯಾವ ಹೊಸ ಮೌತ್‌ಪೀಸೂ ಅದ್ಭುತವೇ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ರಿಮ್ಮಿನ ಲೇಪ ನೋಡಿ. ಕಪ್ಪಾದ ಬೆಳ್ಳಿ ಬರೀ ಸಿಲ್ವರ್ ಸಲ್ಫೈಡ್, ಒರೆಸಿದರೆ ಹೋಗುತ್ತದೆ. ಆದರೆ ಬೆಳ್ಳಿ ಸವೆದು ಹಳದಿ ಹಿತ್ತಾಳೆ ಕಂಡರೆ ಕೊಳ್ಳಬೇಡಿ. ಲೇತಿನಲ್ಲಿ ಸಲೀಸಾಗಿ ಕಡೆಯಲೆಂದು ಬಳಸುವ ಹಿತ್ತಾಳೆಯಲ್ಲಿ ಶೇಕಡ 3ರಷ್ಟು ಸೀಸವಿರುವುದುಂಟು. ಅದು ದಿನವೂ ಮಗುವಿನ ತುಟಿಗೆ ತಾಗುವುದು ತರವಲ್ಲ. ಬೆಳ್ಳಿಗೆ ತುಟಿ ಕೆರಳುವವರಿಗೆ ಚಿನ್ನದ ಲೇಪದ್ದು ಸಿಗುತ್ತದೆ.

ಡಾಕ್‌ಲ್ಯಾಂಡ್ಸಿನ ಗೋಪುರದ ಮನೆಗಳಲ್ಲಿರುವ ನಮ್ಮಂಥವರಿಗೆ ಇನ್ನೊಂದು ತೊಡಕು, ಪಕ್ಕದ ಮನೆಯವರು. ಅಭ್ಯಾಸದ ಮ್ಯೂಟ್ ಸಿಕ್ಕಿಸಿದರೆ ಸದ್ದು ಅಡಗುತ್ತದೆ, ಆದರೆ ಗಾಳಿಗೆ ತಡೆ ಹೆಚ್ಚಿ ತುಟಿಗೆ ಸುಳ್ಳು ಲೆಕ್ಕ ಕಲಿಸುತ್ತದೆ. ಎತ್ತರದ ಸ್ವರಗಳ ಪಾಠವನ್ನು ಅದರೊಂದಿಗೇ ಮುಗಿಸಬಾರದು. ವಿಕ್ಟೋರಿಯಾ ಹಾರ್ಬರಿನ ದಂಡೆಗೆ ಹೋಗಿ ಊದಬಹುದು. ಆದರೆ ವಾದ್ಯದೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ ಅರ್ಧಸ್ವರದ ಸುಮಾರು ಮೂರನೆಯ ಒಂದು ಭಾಗ ಇಳಿಯುತ್ತದೆ, ಮಗು ಅದನ್ನು ತುಟಿ ಬಿಗಿದು ಏರಿಸಲು ಹೋಗುತ್ತದೆ. ಜುಲೈ ತಿಂಗಳಲ್ಲಿ ಹೊರಡುವಾಗ ಮೌತ್‌ಪೀಸನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಹೋಗಿ. ಊದುವ ಮೊದಲು ಐದು ನಿಮಿಷ ಬೆಚ್ಚನೆಯ ಉಸಿರು ತುಂಬಿ.