ಜ್ವರದ ಸುದ್ದಿ ಮಿದುಳಿಗೆ ಮುಟ್ಟಿಸುವವರು ಯಾರು?

ಅಡ್ರಿನಲ್ ಗ್ರಂಥಿ ಕೆಟ್ಟು ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುವ ಓದುಗರೊಬ್ಬರು ಕೇಳಿದ್ದಾರೆ: "ಜ್ವರ ಬಂದರೆ ಮಾತ್ರೆ ಎರಡು ಪಟ್ಟು ಮಾಡಿ ಅಂತಾರೆ ಡಾಕ್ಟರು. ಸ್ಟೀರಾಯ್ಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದಂತೆ. ಜ್ವರದಲ್ಲೇ ಯಾಕೆ ತಗ್ಗಿಸಬೇಕು?"

ಗ್ರಂಥಿ ನೆಟ್ಟಗಿರುವವರ ಮೈ ಈ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತದೆ. ಸೋಂಕು ತಗುಲಿದರೆ ಅಡ್ರಿನಲ್ ಸ್ರವಿಸುವ ಸ್ಟೀರಾಯ್ಡು, ಕಾರ್ಟಿಸಾಲ್, ತಾನಾಗಿ ಏರುತ್ತದೆ. ಮೈಗೆ ಸಂಕಟವಾದಾಗ ಒತ್ತಡದ ಹಾರ್ಮೋನು ಏರುವುದರಲ್ಲಿ ಏನು ವಿಶೇಷ ಅನ್ನಬಹುದು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದ ಹ್ಯೂಗೋ ಬೆಸೆಡೋವ್‌ಸ್ಕಿ ಹಾಗೆ ಅಂದುಕೊಂಡು ಸುಮ್ಮನಾಗಲಿಲ್ಲ. 1975ರಲ್ಲಿ ಅವರ ತಂಡ ಇಲಿಗಳಿಗೆ ಚುಚ್ಚಿದ್ದು ರೋಗಾಣುವನ್ನಲ್ಲ, ಕುರಿಯ ಕೆಂಪು ರಕ್ತಕಣಗಳನ್ನು. ಅದರಿಂದ ಸೋಂಕು ಬರುವುದಿಲ್ಲ, ಪ್ರತಿಕಾಯಗಳಷ್ಟೇ ಹುಟ್ಟುತ್ತವೆ. ಆದರೂ ಕೆಲವು ದಿನ ಕಳೆದು, ಪ್ರತಿಕಾಯಗಳು ತುಂಬಿಕೊಳ್ಳುವ ಹೊತ್ತಿಗೆ, ಒತ್ತಡದ ಹಾರ್ಮೋನೂ ಏರಿತ್ತು. ಸೂಜಿಯ ನೋವು ಅಷ್ಟು ದಿನ ಉಳಿದೀತೇ! ರೋಗನಿರೋಧಕ ವ್ಯವಸ್ಥೆಯೇ ಮಿದುಳಿಗೆ ಸುದ್ದಿ ಕಳಿಸಿರಬೇಕು.

ಸುದ್ದಿ ಒಯ್ಯುವವನ ಹೆಸರು ಸಿಕ್ಕಿದ್ದು 1986ರಲ್ಲಿ: ರೋಗನಿರೋಧಕ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-1. ಮರುವರ್ಷ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಪ್ರಬಂಧಗಳು ಬಂದವು. ಅದು ತಟ್ಟುವುದು ಮಿದುಳಿನೊಳಗಿನ ಹೈಪೋಥಲಾಮಸ್‌ನ ಬಾಗಿಲನ್ನು ಎಂದು ಎರಡು ತಂಡಗಳು ಹೇಳಿದರೆ, ಅಲ್ಲ, ನೇರ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನೇ ಎಂದಿತು ಇನ್ನೊಂದು.

ಬಾಗಿಲು ಅಂದೆ, ಆದರೆ ಮಿದುಳು ಕೋಟೆಯಿದ್ದ ಹಾಗೆ. ಇಂಟರ್‌ಲ್ಯೂಕಿನ್‌ನಂಥ ದಪ್ಪ ಅಣು ಅದರ ರಕ್ತನಾಳಗಳ ಗೋಡೆಯನ್ನು ಸುಲಭವಾಗಿ ದಾಟಲಾರದು. ಚಿತ್ರದುರ್ಗ ನೋಡಿದವರಿಗೆ ಕಿಂಡಿಯ ಮಹಿಮೆ ಹೇಳಬೇಕಿಲ್ಲ. ಇಲ್ಲೂ ಗೋಡೆ ಸಡಿಲವಿರುವ ಒಂದೆರಡು ಕಿಂಡಿಗಳಿವೆ. ಕಿಂಡಿ ಸಿಗದಿದ್ದರೂ ಚಿಂತೆಯಿಲ್ಲ: ಹೊರಗೆ ನಿಂತೇ ಗೋಡೆಯ ಕೋಶಗಳನ್ನು ತಟ್ಟಿದರೆ ಅವು ಒಳಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಹೊಟ್ಟೆಯ ಕಡೆಯಿಂದ ವೇಗಸ್ ನರವೂ ಸುದ್ದಿ ತರುತ್ತದೆ. ಆಮೇಲಿನದು ಗೊತ್ತಿರುವ ದಾರಿಯೇ, ಹೈಪೋಥಲಾಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ಅಡ್ರಿನಲ್‌ಗೆ. ಕೊನೆಗೆ ಹೊರಡುವ ಕಾರ್ಟಿಸಾಲ್, ಸುದ್ದಿ ಕಳಿಸಿದ ಕೋಶಗಳ ಬಾಯನ್ನೇ ಮುಚ್ಚಿಸುತ್ತದೆ.

ರೋಗನಿರೋಧಕ ಶಕ್ತಿ 'ಹೆಚ್ಚಿಸುವ' ಕಷಾಯ, ಪುಡಿಗಳ ಜಾಹೀರಾತು ಕಂಡಾಗಲೆಲ್ಲ ನನಗೆ ಲೂಯಿಸ್ ತಳಿಯ ಇಲಿಗಳು ನೆನಪಾಗುತ್ತವೆ. ಈ ಇಲಿಗಳ ಮಿದುಳು ಇಂಟರ್‌ಲ್ಯೂಕಿನ್‌ನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಚೂರುಗಳನ್ನು ಚುಚ್ಚಿದರೆ ಸಾಕು, ಕೀಲುಗಳು ಊದಿಕೊಳ್ಳುತ್ತವೆ. ಫಿಷರ್ ತಳಿಯ ಇಲಿಗಳಿಗೆ ಅದೇ ಚುಚ್ಚುಮದ್ದಿನಿಂದ ಹೆಚ್ಚೇನೂ ಆಗದು. ಎಸ್ತರ್ ಸ್ಟರ್ನ್‌ಬರ್ಗ್ ತಂಡ 1989ರಲ್ಲಿ ಆ ಫಿಷರ್ ಇಲಿಗಳಲ್ಲಿ ಸ್ಟೀರಾಯ್ಡು ಕೆಲಸ ಮಾಡದಂತೆ ಔಷಧ ಕೊಟ್ಟು ತಡೆಯಿತು. ಅವಕ್ಕೂ ಉರಿಯೂತ ಉಲ್ಬಣಿಸಿತು.

ನಮ್ಮ ಓದುಗರ ಎರಡನೇ ಮಾತ್ರೆ, ಅವರ ಗ್ರಂಥಿ ಮಾಡಬೇಕಿದ್ದ ಆ ಕೆಲಸಕ್ಕೆ.