16 ಇಂಚಿನ ಗೆರೆ

ಬಂದೂಕು ಅದೇ. ನಳಿಗೆ ಮಾತ್ರ ಒಂದಿಂಚು ಗಿಡ್ಡ.
ಅಷ್ಟಕ್ಕೇ ಜೈಲೇ?

ಅಮೆರಿಕದಲ್ಲಿ ಹೌದು, ಆಗಬಹುದು.

ಅಲ್ಲಿನ 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ನಳಿಗೆಯನ್ನು ಅಳೆಯುತ್ತದೆ.
ಭುಜಕ್ಕೆ ಆನಿಸಿ ಹೊಡೆಯುವ ರೈಫಲ್‌ಗೆ ಈಗ ಕನಿಷ್ಠ 16 ಇಂಚು.
ಶಾಟ್‌ಗನ್‌ಗೆ 18.
ಕಡಿಮೆಯಿದ್ದರೆ ನೋಂದಣಿ ಕಡ್ಡಾಯ; ತಪ್ಪಿದರೆ 10 ವರ್ಷದವರೆಗೆ ಜೈಲು.
ಬಸ್ಸಿನಲ್ಲಿ ಮಗುವಿನ ಎತ್ತರ ನೋಡಿ ಅರ್ಧ ಟಿಕೆಟ್ ಕೊಡುವ ಹಾಗೆ, ಒಂದೊಂದು ಇಂಚೂ ಲೆಕ್ಕ!

ಗಿಡ್ಡ ಬಂದೂಕು ಕೋಟಿನೊಳಗೆ ಅಡಗುತ್ತದೆ ಎಂಬುದೇ ಭಯ.
ಆದರೆ ನೋಡಿ, ಇನ್ನೂ ಸುಲಭವಾಗಿ ಅಡಗುವ ಪಿಸ್ತೂಲನ್ನು ಕಾಯ್ದೆಯ ಕರಡಿನಿಂದಲೇ ಕೈಬಿಟ್ಟರು.

ಪಿಸ್ತೂಲಿಗೆ ಭುಜದ ಹಿಡಿ ಜೋಡಿಸಿದರೆ?
ಅದು ಗಿಡ್ಡ ರೈಫಲ್!

ಥಾಂಪ್ಸನ್ ಸೆಂಟರ್ ಎಂಬ ಬಂದೂಕು ಕಂಪನಿ ಪಿಸ್ತೂಲನ್ನೂ, ಅದಕ್ಕೆ ಜೋಡಿಸಲು ಭುಜದ ಹಿಡಿ, 21 ಇಂಚಿನ ನಳಿಗೆ ಇರುವ ಕಿಟ್ಟನ್ನೂ ತಯಾರಿಸಿತ್ತು.
ಉದ್ದ ನಳಿಗೆ ಹಾಕಿದರೆ ಕಾನೂನುಬದ್ಧ. ಭುಜದ ಹಿಡಿಯ ಜೊತೆ ಗಿಡ್ಡದ್ದೇ ಇದ್ದರೆ ಅಲ್ಲ.
ಜೋಡಿಸದ ಬಿಡಿಭಾಗಗಳನ್ನೇ ಗಿಡ್ಡ ರೈಫಲ್ ಎನ್ನಬಹುದೇ?
1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು.